ಎಲ್ಫು, ಓರ್ಕು, ರಾಕ್ಷಸ: ಎಲ್ಲ ದಾಯಾದಿಗಳೇ ಮಾರಾಯ

ಪ್ರಶ್ನೆ: ಅಕ್ಕೋರೇ, ನಾನು ಅಂಕೋಲೆಯವ, ಈಗ ಹುಬ್ಬಳ್ಳಿಲಿ ಇಂಜಿನಿಯರಿಂಗ್ ಮೂರನೇ ವರ್ಷ. ರೂಮಲ್ಲಿ ನಾವು ಐದು ಜನ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡ್ತೇವೆ, ದಾಳ ಹಾಕ್ತಾ ಒಬ್ಬೊಬ್ಬ ಒಂದೊಂದು ಪಾತ್ರ ಆಗಿ ಕತೆ ಕಟ್ಟೂ ಆಟ. ಈ ಸಲ ಪೂರ್ತಿ ಕನ್ನಡದಲ್ಲೇ ಒಂದು ಕ್ಯಾಂಪೇನ್, ಅಂದ್ರೆ ಆಟದ ಉದ್ದ ಕತೆ, ಬರೀತಾ ಇದ್ದೇನೆ, ನಮ್ಮ ಕರಾವಳಿ ಥರದ್ದೇ ಊರು. ಚೂಪು ಕಿವಿಯ ಚೆಂದದ ಎಲ್ಫ್‌ಗೆ ಯಕ್ಷ, ಗಿಡ್ಡ ಡ್ವಾರ್ಫ್‌ಗೆ ಕುಬ್ಜ, ಹಸಿರು ಮೈಯ ಸೈನಿಕ ಓರ್ಕ್‌ಗೆ ರಾಕ್ಷಸ ಅಂತ ಹಾಕಿದ್ದೆ. ಫ್ರೆಂಡ್ ಒಬ್ಬ ‘ಇವೆಲ್ಲ ಲಾರ್ಡ್ ಆಫ್ ದ ರಿಂಗ್ಸ್ ಬರೆದ ಟೋಲ್ಕಿನ್ ಹುಟ್ಟಿಸಿದ ಹೆಸರು, ಕನ್ನಡ ಮಾಡೂಕೆ ಬರೂದಿಲ್ಲ’ ಅಂತಾನೆ. ಹೌದಾ? ಗೇಮಲ್ಲಿ ಮೊದಲೇ ಒಬ್ಬ ರಾಕ್ಷಸ ಇದ್ದಾನಲ್ಲ, ಅವನಿಗೆ ಹುಲಿ ಮುಖ ಎಂತಕ್ಕೆ? ನಮ್ಮ ಊರ ದೈವ ಚೌಡಿ, ಜಟಗನ್ನ ಮಾನ್‌ಸ್ಟರ್ ಲಿಸ್ಟಿಗೆ ಸೇರಿಸಬಹುದಾ? ಕೊನೇದಾಗಿ, ಗೇಮಲ್ಲಿರೂ ಕಪ್ಪು ಎಲ್ಫ್‌ಗೆ ಡ್ರೌ ಅನ್ನೂದಾ ಡ್ರೋ ಅನ್ನೂದಾ?

ಉತ್ತರ: ತಮ್ಮಾ, ಮೊದಲು ನಿನ್ನ ಫ್ರೆಂಡ್ ವಿಷಯ ಮುಗಿಸಿಬಿಡ್ತೇನೆ. ಅಂವ ಹೇಳಿದ್ದು ಕಾಲು ಭಾಗ ಸರಿ. ಅವರ ಕತೆಯ ಗಿಡ್ಡ ಜನ ಹಾಬಿಟ್, ಅದೊಂದನ್ನ ಬೇಕಾದ್ರೆ ಟೋಲ್ಕಿನ್ ಲೆಕ್ಕಕ್ಕೆ ಬರಿ, ಎಲ್ಫು ಡ್ವಾರ್ಫು ಓರ್ಕು ಅನ್ನೋವೆಲ್ಲ ಅವರು ಹುಟ್ಟೋಕಿಂತ ಸುಮಾರು ಸಾವಿರ ವರ್ಷ ಹಳೇವು. ಅವರು ಆಕ್ಸ್‌ಫರ್ಡಲ್ಲಿ ಹಳೇ ಇಂಗ್ಲಿಷ್ ಕಲಿಸ್ತಿದ್ದ ಮಾಸ್ತರು, ತಾಳೆಗರಿ ಓದೋರ ಥರ ಹಳೇ ಪದ್ಯ ಓದಿ, ಅದರಲ್ಲಿ ಅರ್ಧ ಮಾಸಿಹೋದ ಹೆಸರುಗಳನ್ನ ಎತ್ತಿಕೊಂಡು ಅವಕ್ಕೊಂದು ಊರು, ಭಾಷೆ, ವಂಶ ಎಲ್ಲ ಕಟ್ಟಿಕೊಟ್ರು. 1974ರಲ್ಲಿ ಗ್ಯಾರಿ ಗೈಗಾಕ್ಸ್ ಮತ್ತೆ ಡೇವ್ ಆರ್ನೆಸನ್ ಮೂರು ಸಣ್ಣ ಪುಸ್ತಕ ಒಂದು ಡಬ್ಬಿಲಿ ಹಾಕಿ ಸಾವಿರ ಪ್ರತಿ ಹೊರಗೆ ತಂದಾಗ ಒಂದಿಷ್ಟು ಹೆಸರು ಟೋಲ್ಕಿನ್ ಕಡೆಯಿಂದ ಬಂದಿದ್ವು, ಒಂದಿಷ್ಟು ಡಿಕ್ಷನರಿಯಿಂದ, ಒಂದಿಷ್ಟು ಅಡಗೂಲಜ್ಜಿ ಕತೆಯಿಂದ, ಆಮೇಲೆ ಟಿವಿಯಿಂದಲೂ ಬಂದ್ವು. ಸಂತೆ ಚೀಲ ಇದ್ದಂಗೆ, ಮೇಲೆ ಬದನೆಕಾಯಿ ಕಂಡ್ರೂ ಅಡಿಗೆ ಏನೇನಿದೆ ಅಂತ ಸುರಿದೇ ನೋಡಬೇಕು.

ನಾನು ಇದಕ್ಕೆ ಬಿದ್ದ ಕತೆ ಸಣ್ಣದು. ಧಾರವಾಡದಲ್ಲಿ ಎಂಎ ಮಾಡುವಾಗ ಬಿಯೊವುಲ್ಫ್ ಅನ್ನೋ ಹಳೇ ಇಂಗ್ಲಿಷ್ ಕಾವ್ಯ ಪಾಠಕ್ಕಿತ್ತು, ಪರೀಕ್ಷೆ ಮುಗಿದ ಮೇಲೆ ಮರೆತೂ ಹೋಗಿತ್ತು. ಎಷ್ಟೋ ವರ್ಷದ ನಂತರ ಒಂದು ಆಷಾಢದಲ್ಲಿ ಅಣ್ಣನ ಮಗ ಬೆಂಗಳೂರಿಂದ ಶಿರಸಿ ಮನೆಗೆ ಬಂದ, ಮಳೆ ಅಂದ್ರೆ ಮಳೆ, ಮೂರು ದಿನ ಕರೆಂಟಿಲ್ಲ, ಅಂವ ಜಗಲಿಲಿ ಕಂಬಳಿ ಹಾಸಿ ದಾಳ ತೆಗೆದ. ಇಪ್ಪತ್ತು ಮುಖದ ದಾಳ ನಾನು ನೋಡಿದ್ದು ಅವತ್ತೇ ಮೊದಲು, ಕಂದು ಬಣ್ಣದ್ದು. ಅದು ಉರುಳಿ ಕವಳದ ಬಟ್ಟಲಿಗೆ ಬಿತ್ತು, ನಮ್ಮ ಭಾವ ಚಿಮಣಿ ಬೆಳಕಲ್ಲಿ ಅಡಕೆ ಹೋಳು ಅಂದ್ಕೊಂಡು ಬಾಯಿಗೆ ಹಾಕಿ ಕಚ್ಚಿಯೂ ಬಿಟ್ರು. ದಾಳಕ್ಕೆ ಏನೂ ಆಗಲಿಲ್ಲ. ಆಮೇಲಿಂದ ಮಳೆಗಾಲ ಬಂತು ಅಂದ್ರೆ ಆಟ ನಡೆಸೋದು ನಾನೇ, ಡಂಜನ್ ಮಾಸ್ಟರ್‌ಗೆ ನಮ್ಮ ಜಗಲಿಲಿ ಭಾಗವತ್ರು ಅಂತಾರೆ, ಕೆಲಸ ಅದೇ ತಾನೆ, ಪದ ಹೇಳಿ ವೇಷದವರನ್ನ ಕುಣಿಸೋದು.

ಆ ವರ್ಷವೇ ಹಳೇ ಟ್ರಂಕಿಂದ ಎಂಎ ನೋಟ್ಸ್ ಹುಡುಕಿ ತೆಗೆದೆ. ಬಿಯೊವುಲ್ಫ್ ಹಸ್ತಪ್ರತಿ ಕ್ರಿ.ಶ. 1000ದ ಆಸುಪಾಸಿನದ್ದು, ಅದರಲ್ಲಿ 112ನೇ ಸಾಲು ಹೀಗಿದೆ: ‘ಎಯೊಟೆನಸ್ ಒಂಡ್ ಇಲ್ಫೆ ಒಂಡ್ ಓರ್ಕ್‌ನೆಯಾಸ್’. ದೈತ್ಯರು, ಎಲ್ಫ್‌ಗಳು, ಓರ್ಕ್‌ನೆಯಾಸ್. ಬೈಬಲ್ಲಿನ ಕೇನ್ ಒಡಹುಟ್ಟಿದ ತಮ್ಮನ್ನ ಕೊಂದ, ಆ ಪಾಪದ ವಂಶದಲ್ಲಿ ಹುಟ್ಟಿದ್ದು ಇವೆಲ್ಲ ಅಂತ ಕವಿ ಹೇಳ್ತಾನೆ. ನಿನ್ನ ಟೇಬಲ್ಲಲ್ಲಿ ಎಲ್ಫ್ ಬಿಲ್ಲು ಎತ್ತೋದೇ ಓರ್ಕ್ ಕಂಡಾಗ, ಜನ್ಮಾಂತರದ ವೈರ. ಆದ್ರೆ ಆ ಸಾಲಲ್ಲಿ ಎರಡೂ ಒಬ್ಬನೇ ಅಜ್ಜನ ಮೊಮ್ಮಕ್ಕಳು, ಪಕ್ಕಪಕ್ಕ ಕೂತಿವೆ. ಇಂಗ್ಲಿಷರಿಗೆ ಇದು ವಿಚಿತ್ರ ಅನಿಸಬಹುದು, ನಮಗೆ ಅನಿಸಬಾರದು, ಯಾಕಂದ್ರೆ ನಮ್ಮಲ್ಲಿ ಇದಕ್ಕೆ ರೆಡಿ ಶಬ್ದ ಇದೆ, ದಾಯಾದಿ. ತೋಟ ಪಾಲಾದ ಮೇಲೆ ಬೇಲಿ ಒಂದು ಮೊಳ ಆಚೆ ಹೋಯ್ತು ಅಂತ ಎರಡು ತಲೆಮಾರು ಮಾತು ಬಿಟ್ಟ ಮನೆ ಪ್ರತಿ ಊರಲ್ಲೂ ಒಂದಾದ್ರೂ ಇರ್ತದೆ, ಮುಖ ನೋಡಿದ್ರೆ ಒಂದೇ ಮೂಗು, ಒಂದೇ ಹಣೆ. ಕಶ್ಯಪನ ಹೆಂಡ್ತಿ ಅದಿತಿಯ ಮಕ್ಕಳು ಆದಿತ್ಯರು, ಅವಳ ತಂಗಿ ದಿತಿಯ ಮಕ್ಕಳು ದೈತ್ಯರು, ದನುವಿನ ಮಕ್ಕಳು ದಾನವರು, ಕದ್ರುವಿನ ಮಕ್ಕಳು ನಾಗಗಳು, ವಿನತೆಯ ಮಗ ಗರುಡ. ಅಪ್ಪ ಎಲ್ಲರಿಗೂ ಒಬ್ಬನೇ. ಪುರಾಣದಲ್ಲಿ ನಡೆಯೋ ಯುದ್ಧ ಎಲ್ಲ ಒಂದು ದೊಡ್ಡ ಮನೆಯ ಪಾಲು ಪಂಚಾಯ್ತಿ.

ಈ ಹೆಸರುಗಳು ರೂಪ ಹೇಳೋದಿಲ್ಲ, ಸಂಬಂಧ ಮತ್ತೆ ಕೆಲಸ ಹೇಳ್ತವೆ. ನೀನು ರೂಪ ನೋಡಿ ಹೆಸರು ಇಟ್ಟೆ, ಗಿಡ್ಡ ಇದ್ದಾನೆ, ಕುಬ್ಜ. ಚೆಂದ ಇದ್ದಾನೆ, ಯಕ್ಷ. ತಪ್ಪಿದ್ದು ಅಲ್ಲೇ.

ಡ್ವಾರ್ಫ್ ನೋಡು. ಉತ್ತರ ಯುರೋಪಿನ ಹಳೇ ನಾರ್ಸ್ ಭಾಷೆಲಿ ಡ್ವೆರ್ಗ್ರ್, ಜರ್ಮನಲ್ಲಿ ಟ್ಸ್ವೆರ್ಗ್. ಹಳೇ ನಾರ್ಸ್ ಪದ್ಯಗಳಲ್ಲಿ ಅವರ ಎತ್ತರದ ಮಾತೇ ಹೆಚ್ಚುಕಮ್ಮಿ ಇಲ್ಲ, ಇರೋದೆಲ್ಲ ಕಸುಬಿನ ಮಾತು. ನಾರ್ಸ್ ದೇವತೆಗಳಾದ ಥೋರನ ಸುತ್ತಿಗೆ, ಓಡಿನ್‌ನ ಈಟಿ ಎಲ್ಲ ಅವರ ಕುಲುಮೆಯಿಂದ ಬಂದದ್ದು. 1220ರ ಸುಮಾರಿಗೆ ಐಸ್‌ಲ್ಯಾಂಡಿನ ಸ್ನೊರ್ರಿ ಸ್ಟರ್ಲುಸನ್ ಈ ಕತೆಗಳನ್ನೆಲ್ಲ ಬರೆದಿಟ್ಟ, ಅವನ ಪ್ರಕಾರ ಯ್ಮಿರ್ ಅನ್ನೋ ದೈತ್ಯನ ಹೆಣದಲ್ಲಿ ಹುಳ ಆಗಿದ್ದವು ದೇವತೆಗಳು ಬುದ್ಧಿ ಕೊಟ್ಟ ಮೇಲೆ ಡ್ವಾರ್ಫ್ ಆದ್ವು. ‘ವೊಲುಸ್ಪಾ’ ಅನ್ನೋ ಪದ್ಯದಲ್ಲಿ ಡ್ವಾರ್ಫ್ ಹೆಸರುಗಳ ಒಂದು ಉದ್ದ ಪಟ್ಟಿಯೇ ಇದೆ, ಸಹಸ್ರನಾಮ ಥರ ಓದಿಕೊಂಡು ಹೋಗಬಹುದು, ಟೋಲ್ಕಿನ್ ಪುಸ್ತಕದ ಥೋರಿನ್, ಡುರಿನ್, ಬೊಂಬುರ್, ನೋರಿ ಎಲ್ಲ ಅಲ್ಲೇ ಇದ್ದಾರೆ, ಗಂಡಾಲ್ಫ್ ಕೂಡ. ನಿನ್ನ ಫ್ರೆಂಡಿಗೆ ಇದೊಂದು ತೋರಿಸು ಸಾಕು. ತಮಾಷೆ ಅಂದ್ರೆ ಗಂಡಾಲ್ಫ್ ಅನ್ನೋದರ ಅರ್ಥ ‘ಕೋಲಿನ ಎಲ್ಫ್’. ಡ್ವಾರ್ಫ್ ಪಟ್ಟಿಲಿ ಎಲ್ಫ್ ಹೆಸರು! ಅದೇ ಸ್ನೊರ್ರಿ ಬೆಳಕಿನ ಎಲ್ಫ್, ಕತ್ತಲ ಎಲ್ಫ್, ಕಪ್ಪು ಎಲ್ಫ್ ಅಂತೆಲ್ಲ ಹೇಳ್ತಾನೆ, ಮತ್ತೆ ನೋಡಿದ್ರೆ ಡ್ವಾರ್ಫ್‌ಗಳು ಇರೋ ಜಾಗದ ಹೆಸರೇ ಸ್ವಾರ್ಟಾಲ್ಫ್‌ಹೈಮ್, ಕಪ್ಪು ಎಲ್ಫ್‌ಗಳ ಲೋಕ. ಹಂಗಾಗಿ ಮೂಲದಲ್ಲೇ ಈ ಎರಡರ ನಡುವೆ ಬೇಲಿ ಗಟ್ಟಿ ಇರಲಿಲ್ಲ. ಅವರಿಗೆ ಬೇರೆ ಬೇರೆ ಎತ್ತರ, ಆಯಸ್ಸು, ದಾಳದ ಲೆಕ್ಕಕ್ಕೆ ಪ್ಲಸ್ ಟೂ ಎಲ್ಲ ಕೊಟ್ಟು ಬೇಲಿ ಹಾಕಿದ್ದು ಗೇಮ್.

ಈಗ ಯಕ್ಷನ ಕತೆ ನೋಡು. ಮರದಲ್ಲಿ, ಕೆರೆ ದಂಡೆಲಿ ಇರ್ತಾನೆ, ಧರ್ಮರಾಯನನ್ನ ಪ್ರಶ್ನೆ ಕೇಳಿ ಸತಾಯಿಸ್ತಾನೆ, ಅಷ್ಟರ ಮಟ್ಟಿಗೆ ಎಲ್ಫ್. ಆದ್ರೆ ಯಕ್ಷರ ರಾಜ ಕುಬೇರ, ಕೆಲಸ ನಿಧಿ ಕಾಯೋದು, ದೇವಸ್ಥಾನದ ಶಿಲ್ಪದಲ್ಲಿ ಡೊಳ್ಳು ಹೊಟ್ಟೆ, ಗಿಡ್ಡ ಕಾಲು. ಅದು ಡ್ವಾರ್ಫ್. ಅಂದ್ರೆ ನಮ್ಮ ಯಕ್ಷ ಒಬ್ಬನೇ ಎರಡೂ ವೇಷ ಹಾಕ್ತಾನೆ, ಸ್ನೊರ್ರಿಯ ಕಪ್ಪು ಎಲ್ಫ್ ಹಾಕಿದಂಗೆ. ಹೀಗಿರುವಾಗ ಎಲ್ಫ್ ಅಂದ್ರೆ ಯಕ್ಷ ಅಂತ ಒಂದಕ್ಕೊಂದು ಗಂಟು ಹಾಕಿದ್ರೆ ನಾಳೆ ನಿಧಿ ಕಾಯೋಕೆ ಯಾರನ್ನ ಕೂರಿಸ್ತೀಯ? ಡ್ವಾರ್ಫ್‌ಗೆ ಕನ್ನಡ ಬೇಕೇ ಬೇಕು ಅಂದ್ರೆ ಗುಹ್ಯಕ ಅಂತ ಇಡು, ಕುಬೇರನ ಪರಿವಾರದವ್ರು, ಮುಚ್ಚಿಟ್ಟದ್ದನ್ನ ಕಾಯೋರು ಅಂತಲೇ ಹೆಸರಿನ ಅರ್ಥ. ಕುಬ್ಜ ಅಂತ ಮಾತ್ರ ಬೇಡ. ಅದು ಜೀವಂತ ಮನುಷ್ಯರಿಗೆ ಬೈಗುಳ ಆಗ್ತದೆ, ಅದೂ ಅಲ್ದೆ ಕುಬ್ಜೆ ಅಂದ್ರೆ ಮಥುರೆಯಲ್ಲಿ ಗಂಧ ತೇಯ್ತಿದ್ದ ಆ ಪಾಪದ ಹೆಂಗಸಿನ ನೆನಪು.

ಎಲ್ಫ್ ಶಬ್ದಕ್ಕೆ ‘ಬಿಳಿ’ ಅನ್ನೋ ಮೂಲ ಹೇಳ್ತಾರೆ. ಋಗ್ವೇದದ ಋಭುಗಳ ಜೊತೆ ಇದನ್ನ ಜೋಡಿಸಿದ ಪಂಡಿತರು 19ನೇ ಶತಮಾನದಿಂದಲೂ ಇದ್ದಾರೆ, ಎಲ್ಲರೂ ಒಪ್ಪೋದಿಲ್ಲ, ಆದ್ರೆ ಋಭುಗಳೂ ಕೈಗೆಲಸದವ್ರೇ, ಒಂದು ಬಟ್ಟಲನ್ನ ನಾಲ್ಕು ಮಾಡಿದವ್ರು. ಸಿನಿಮಾ ನೋಡಿ ಎಲ್ಫ್ ಅಂದ್ರೆ ಶಾಂಪೂ ಜಾಹೀರಾತಿನ ಕೂದಲು ಅಂದ್ಕೊಂಡಿರ್ತೇವೆ ನಾವು, ಹಳೇ ಇಂಗ್ಲೆಂಡಲ್ಲಿ ಅದು ಕಾಯಿಲೆ ತರೋ ಗಾಳಿ. ಇದ್ದಕ್ಕಿದ್ದಂಗೆ ಮೈಗೆ ಚುಚ್ಚಿದಂಗೆ ನೋವು ಬಂದ್ರೆ ‘ಎಲ್ಫ್ ಬಾಣ’ ತಾಗಿದೆ ಅಂತ ಹೇಳಿ ಇಳಿಸೋ ಮಂತ್ರ ಈಗಲೂ ಉಳಿದಿದೆ. ನಮ್ಮ ಅಜ್ಜಿ ‘ಮಗುವಿಗೆ ಗಾಳಿ ಸೋಕಿದ್ದು’ ಅಂತ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕ್ತಿದ್ರಲ್ಲ, ಅದೇ ಕೇಸು. ಜರ್ಮನರು ಕೆಟ್ಟ ಕನಸಿಗೆ ಆಲ್ಪ್‌ಟ್ರೌಮ್ ಅಂತಾರೆ, ಎಲ್ಫ್ ಎದೆ ಮೇಲೆ ಕೂತದ್ದು. ಅದೇ ಕಾಲದಲ್ಲಿ ಮಕ್ಕಳಿಗೆ ಎಲ್ಫ್ ಹೆಸರೂ ಇಡ್ತಿದ್ರು, ಆಲ್ಫ್ರೆಡ್ ಅಂದ್ರೆ ‘ಎಲ್ಫ್ ಬುದ್ಧಿ ಹೇಳಿದವ’. ಹೆದರಿಕೆಯೂ ಹೌದು ಗೌರವವೂ ಹೌದು. ಈ ಮಾತು ಮನಸಲ್ಲಿಟ್ಟುಕೋ, ಚೌಡಿ ವಿಷಯಕ್ಕೆ ಬೇಕಾಗ್ತದೆ.

ನನಗೆ ಬಹಳ ಇಷ್ಟ ಆದ ಒಂದು ನಾರ್ಸ್ ಪದ್ಯ ಇದೆ, ಆಲ್ವೀಸ್ ಅನ್ನೋ ಡ್ವಾರ್ಫ್ ಥೋರನ ಮಗಳನ್ನ ಮದ್ವೆ ಆಗೂಕೆ ಬರ್ತಾನೆ. ಮಾವನಿಗೆ ಮನಸಿಲ್ಲ. ‘ಸರಿ ಮಾರಾಯ, ಭೂಮಿಗೆ ಮನುಷ್ಯರು ಏನಂತಾರೆ, ದೇವತೆಗಳು ಏನಂತಾರೆ, ಎಲ್ಫ್‌ಗಳು ಏನಂತಾರೆ ಹೇಳು’ ಅನ್ನೋ ಥರ ಶುರು ಮಾಡಿ ಆಕಾಶ, ಚಂದ್ರ, ಗಾಳಿ, ಬೆಂಕಿ ಅಂತ ಒಂದೊಂದೇ ಕೇಳ್ತಾ ಹೋಗ್ತಾನೆ, ಇಂವ ಬುದ್ಧಿವಂತ, ಎಲ್ಲದಕ್ಕೂ ಉತ್ತರ ಕೊಡ್ತಾನೆ. ಮನುಷ್ಯರು ಏಲ್ ಅನ್ನೋದಕ್ಕೆ ದೇವತೆಗಳು ಬಿಯರ್ ಅಂತಾರಂತೆ. ಹಂಗೆ ಹೇಳ್ತಾ ಹೇಳ್ತಾ ಬೆಳಗಾಗ್ತದೆ, ಬಿಸಿಲು ಬೀಳ್ತದೆ, ಡ್ವಾರ್ಫ್‌ನ ಕತೆ ಮುಗೀತದೆ, ಬಿಸಿಲು ತಾಗಿದ್ರೆ ಅವರು ಕಲ್ಲು. ಒಂದೇ ವಸ್ತು, ಗಣಕ್ಕೊಂದು ಹೆಸರು. ನಿನ್ನ ಕ್ಯಾಂಪೇನಲ್ಲಿ ಇದನ್ನ ಮಾಡು, ಪ್ರತಿ ಗಣದವ್ರು ಸಮುದ್ರಕ್ಕೆ ಬೇರೆ ಬೇರೆ ಹೆಸರು ಹೇಳಲಿ, ಪಾಯಿಂಟೆಡ್ ಕಿವಿಗಿಂತ ಜಾಸ್ತಿ ಕೆಲಸ ಅದು ಮಾಡ್ತದೆ.

ಗಣ ಅಂದೆ ನೋಡು, ಗೇಮಲ್ಲಿ ಎಲ್ಫು ಡ್ವಾರ್ಫು ಇವಕ್ಕೆಲ್ಲ ಹೇಳ್ತಿದ್ದ ‘ರೇಸ್’ ಅನ್ನೋದಕ್ಕೆ ಇದೇ ಶಬ್ದ ಬಳಸು. ಜಾತಿ ಅಂದ್ರೆ ಟೇಬಲ್ಲಲ್ಲಿ ಬೇರೆಯೇ ಜಗಳ ಶುರು, ಜನಾಂಗ ಅಂದ್ರೆ ಪಠ್ಯಪುಸ್ತಕ. ಗೇಮಿನವರಲ್ಲೂ ‘ರೇಸ್’ ಉಳಿಲಿಲ್ಲ, 2024ರ ಹೊಸ ಪುಸ್ತಕದಲ್ಲಿ ‘ಸ್ಪೀಷೀಸ್’ ಅಂತ ಆಗಿದೆ. ನಮ್ಮಲ್ಲಿ ಜಾತಕ ಕೂಡಿಸೋವಾಗ ದೇವಗಣ, ಮನುಷ್ಯಗಣ, ರಾಕ್ಷಸಗಣ ಅಂತ ನೋಡ್ತಾರಲ್ಲ, ಇಪ್ಪತ್ತೇಳು ನಕ್ಷತ್ರಕ್ಕೆ ಒಂಬತ್ತೊಂಬತ್ತು ಪಾಲು, ಮೇಲೆ ಯೋನಿ ಅಂತ ಹದಿನಾಲ್ಕು ಪ್ರಾಣಿ, ಆನೆ ಸಿಂಹ ಬೆಕ್ಕು ಇಲಿ. ಆಟದ ಪಾತ್ರದ ವಿವರ ಬರಿಯೋ ಕ್ಯಾರೆಕ್ಟರ್ ಶೀಟ್ ಅಲ್ದೆ ಮತ್ತೆಂತ ಅದು? ನಾನು ಮಖಾ ನಕ್ಷತ್ರ, ರಾಕ್ಷಸಗಣ. ಈ ಕಾರಣಕ್ಕೆ ಎರಡು ಸಂಬಂಧ ತಪ್ಪಿ ಹೋಗಿದ್ವು ಅಂತ ಆಯಿ ಇವತ್ತಿಗೂ ಹೇಳ್ತಾರೆ.

ಓರ್ಕ್‌ಗೆ ಬರೋಣ. ರೋಮನ್ನರ ಪಾತಾಳದ ದೇವರು ಓರ್ಕಸ್, ಅಲ್ಲಿಂದ ಹಳೇ ಇಂಗ್ಲಿಷಿಗೆ ಬಂತು ಅಂತ ಹೇಳ್ತಾರೆ, ಓರ್ಕ್‌ನೆಯಾಸ್ ಅನ್ನೋದರ ಬಾಲದಲ್ಲಿರೋ ‘ನೆ’ ಅಂದ್ರೆ ಹೆಣ. ಹಂಗಾಗಿ ಅದು ಹಸಿರು ಮೈಯ ಸೈನಿಕ ಅಲ್ಲ, ಹೆಚ್ಚುಕಮ್ಮಿ ನಮ್ಮ ಬೇತಾಳ. ಇಟಲಿಯ ಓರ್ಕೊ, ಫ್ರೆಂಚರ ಓಗ್ರ್ ಕೂಡ ಅದೇ ಓರ್ಕಸ್ ಸಂತಾನ ಅಂತ ಬಹಳ ಜನ ನಂಬ್ತಾರೆ, ಅಂದ್ರೆ ನಿನ್ನ ಪುಸ್ತಕದಲ್ಲಿ ಬೇರೆ ಬೇರೆ ಪುಟದಲ್ಲಿರೋ ಓರ್ಕೂ ಓಗರೂ ಮತ್ತೆ ದಾಯಾದಿಗಳೇ. ಓರ್ಕಸ್ ಖುದ್ದಾಗಿ ಗೇಮಲ್ಲಿ ಕೋಲು ಹಿಡಿದ ದೆವ್ವಗಳ ದೊರೆ ಆಗಿ ಕೂತಿದ್ದಾನೆ. ಬಿಯೊವುಲ್ಫ್ ಸಾಲಿನ ಎಯೊಟೆನ್ ಎರಡು ತಲೆಯ ‘ಎಟಿನ್’ ಆದ. ಗೇಮಿನ ಜೀವಿಗಳ ಪುಸ್ತಕ, 1977ರ ಮಾನ್‌ಸ್ಟರ್ ಮ್ಯಾನುಯಲ್, ಅದರ ಚಿತ್ರದಲ್ಲಿ ಓರ್ಕ್‌ಗೆ ಹಂದಿ ಮೂತಿ, ಜಪಾನಿನ ಗೇಮ್‌ಗಳಲ್ಲಿ ಅದು ಇವತ್ತಿಗೂ ಹಂದಿಯೇ.

ಗೇಮಿನ ಉಳಿದ ಜೀವಿಗಳನ್ನ ಬೇಗ ಹೇಳ್ತೇನೆ. ಗಾಬ್ಲಿನ್ ಫ್ರಾನ್ಸಿನ ಎವ್ರೂ ಊರಿನ ದೆವ್ವ, ಗೊಬೆಲಿನಸ್ ಅಂತ 12ನೇ ಶತಮಾನದ ಒಬ್ಬ ಸನ್ಯಾಸಿ ಬರೆದಿಟ್ಟಿದ್ದಾನೆ. ನೋಮ್ ಅನ್ನೋ ಶಬ್ದ ಬಂದದ್ದು 16ನೇ ಶತಮಾನದ ವೈದ್ಯ ಪ್ಯಾರಾಸೆಲ್ಸಸ್‌ನಿಂದ, ಪಂಚಭೂತದಲ್ಲಿ ಆಕಾಶ ಬಿಟ್ಟು ನಾಲ್ಕಕ್ಕೆ ಒಂದೊಂದು ಜೀವಿ ಇಟ್ಟ, ಮಣ್ಣಿನೊಳಗೆ ಈಜೋನು ನೋಮ್. ಹಾಫ್ಲಿಂಗ್ ಅಂದ್ರೆ ಲಾಯರ್‌ಗಳ ಭಯಕ್ಕೆ ಹೆಸರು ಬದಲಿಸಿಕೊಂಡ ಹಾಬಿಟ್, 1977ರ ಸುಮಾರಿಗೆ ಟೋಲ್ಕಿನ್ ಹಕ್ಕು ಇದ್ದ ಕಡೆಯವ್ರು ತಕರಾರು ತೆಗೆದ ಮೇಲೆ. ದೆವ್ವದ ರಕ್ತ ಇರೋ ಟೀಫ್ಲಿಂಗ್‌ಗೆ ಪುರಾಣ ಹುಡುಕಬೇಡ, 1994ರಲ್ಲಿ ಗೇಮಿನವ್ರೇ ಕಟ್ಟಿದ ಶಬ್ದ. ಕೋಬೋಲ್ಡ್ ಅನ್ನೋ ಗಣಿ ದೆವ್ವದ್ದು ಮಾತ್ರ ಒಂದು ಕತೆ ಕೇಳ್ಬೇಕು. ಜರ್ಮನಿಯ ಗಣಿಲಿ ಬೆಳ್ಳಿ ಇದೆ ಅಂತ ಕಾಣೋ ಅದಿರು ಸಿಗ್ತಿತ್ತು, ಕಾಸಿದ್ರೆ ಬೆಳ್ಳಿ ಇಲ್ಲ, ಆರ್ಸೆನಿಕ್ ಹೊಗೆ ಎದ್ದು ಕೆಲಸದವ್ರು ಕೆಮ್ಮಿ ಸಾಯೋದು. ಕೋಬೋಲ್ಡ್ ಬೆಳ್ಳಿ ಕದ್ದು ವಿಷ ಇಟ್ಟಿತು ಅಂತ ಬೈದು ಆ ಅದಿರಿಗೆ ಅದೇ ಹೆಸರಿಟ್ರು. 1735ರ ಸುಮಾರಿಗೆ ಸ್ವೀಡನ್ನಿನ ಗೆಯೋರ್ಗ್ ಬ್ರಾಂಟ್ ಅದರಿಂದ ಹೊಸ ಲೋಹ ಬೇರೆ ಮಾಡಿದ, ಕೋಬಾಲ್ಟ್. ನಿನ್ನ ಮೊಬೈಲ್ ಬ್ಯಾಟರಿಯೊಳಗೆ ಕೂತದ್ದು ಆ ಕಳ್ಳನೇ. ನಿಕ್ಕೆಲ್ ಶಬ್ದವೂ ಹಂಗೇ, ತಾಮ್ರ ಕೊಡದೆ ಸತಾಯಿಸಿದ ದೆವ್ವ.

ಈಗ ಹುಲಿ ಮುಖದ ರಾಕ್ಷಸ. 1974ರಲ್ಲಿ ಅಮೆರಿಕದ ಒಂದು ಟಿವಿ ಸೀರಿಯಲ್ಲಿ ಒಂದು ಎಪಿಸೋಡಿತ್ತು, ಶಿಕಾಗೋದಲ್ಲಿ ಒಬ್ಬ ರಾಕ್ಷಸ, ನೋಡೋರಿಗೆ ಅವರು ನಂಬಿದ ಮನುಷ್ಯನ ಹಂಗೆ ಕಾಣ್ತಾನೆ, ಮಂತ್ರಿಸಿದ ಬಾಣದಿಂದ ಮಾತ್ರ ಸಾಯ್ತಾನೆ. ಗೈಗಾಕ್ಸ್‌ಗೆ ಇದು ಹಿಡಿಸ್ತು, 1977ರ ಪುಸ್ತಕದಲ್ಲಿ ರಾಕ್ಷಸ ಬಂದ, ಚಿತ್ರದಲ್ಲಿ ಹುಲಿ ತಲೆ, ಮೈಮೇಲೆ ರೇಶ್ಮೆ ನಿಲುವಂಗಿ, ಕೈಲೊಂದು ಪೈಪು, ಆರಾಮಾಗಿ ಕೂತಿದ್ದಾನೆ, ಥೇಟ್ ಹಳೇ ಕಾಲದ ಕಾಡುಕಂಟ್ರಾಕ್ಟರ್. ಕೆಳ ಲೆವೆಲ್ಲಿನ ಮಂತ್ರ ಯಾವ್ದೂ ತಾಗೋದಿಲ್ಲ, ಆಶೀರ್ವಾದ ಮಾಡಿದ ಬಾಣ ತಾಗಿದ್ರೆ ಅಲ್ಲೇ ಸಾವು. ಹುಲಿ ಮುಖಕ್ಕೆ ವಾಲ್ಮೀಕಿಯಲ್ಲಿ ಆಧಾರ ಹುಡುಕಿದ್ರೆ ಸಿಗೂದಿಲ್ಲ, ರಾಮಾಯಣದ ರಾಕ್ಷಸರು ನೂರು ಥರ, ಕುಂಭಕರ್ಣನೂ ರಾಕ್ಷಸ, ವಿಭೀಷಣನೂ ರಾಕ್ಷಸ. ಆದ್ರೆ ನೋಡು, ಮುಖ ತಪ್ಪಿದ್ರೂ ಅವರು ಗೊತ್ತಿಲ್ದೇ ಒಂದು ವಿಷಯ ಸರಿ ಹಿಡಿದ್ರು. ಯಾವುದರಿಂದಲೂ ಸಾಯೋದಿಲ್ಲ, ಒಂದು ಸಂದು ಬಿಟ್ಟು. ಅದು ವರ. ಹಿರಣ್ಯಕಶಿಪು ಹಗಲು ಬೇಡ ರಾತ್ರಿ ಬೇಡ, ಒಳಗೆ ಬೇಡ ಹೊರಗೆ ಬೇಡ ಅಂತ ಲಿಸ್ಟ್ ಕೊಟ್ಟು ಹೊಸ್ತಿಲಲ್ಲಿ ಸಿಕ್ಕಿಬಿದ್ದ. ಭಸ್ಮಾಸುರನ ಕತೆ ನಿಂಗೆ ಹೇಳ್ಬೇಕಾ, ಯಾಣಕ್ಕೆ ಹೋಗಿ ಭೈರವೇಶ್ವರ ಶಿಖರ, ಮೋಹಿನಿ ಶಿಖರ ನೋಡಿ, ಸುತ್ತಲಿನ ಕಪ್ಪು ಮಣ್ಣು ಅವನ ಬೂದಿ ಅಂತ ಕೇಳಿಯೇ ಬೆಳೆದವ ನೀನು.

ರಾಕ್ಷಸ ಅನ್ನೋ ಹೆಸರೇ ಕೆಟ್ಟದ್ದಲ್ಲ. ಉತ್ತರಕಾಂಡದಲ್ಲಿ ಬ್ರಹ್ಮ ನೀರು ಸೃಷ್ಟಿ ಮಾಡಿ, ಅದನ್ನ ನೋಡ್ಕೊಳ್ಳೋಕೆ ಜೀವಿಗಳನ್ನ ಹುಟ್ಟಿಸ್ತಾನೆ. ‘ರಕ್ಷಾಮಃ’, ಕಾಯ್ತೇವೆ ಅಂದವ್ರು ರಾಕ್ಷಸರಾದ್ರು, ‘ಯಕ್ಷಾಮಃ’ ಅಂದವ್ರು ಯಕ್ಷರು. ಒಂದೇ ಗಳಿಗೆಲಿ ಹುಟ್ಟಿದ ಅಣ್ಣತಮ್ಮಂದಿರು. ರಾವಣ, ಕುಬೇರ ಇಬ್ಬರಿಗೂ ಅಪ್ಪ ವಿಶ್ರವಸು, ತಾಯಿ ಬೇರೆ, ಒಬ್ಬ ರಾಕ್ಷಸರಿಗೆ ರಾಜ, ಇನ್ನೊಬ್ಬ ಯಕ್ಷರಿಗೆ. ಜಗಳ ಎಂತಕ್ಕೆ? ಲಂಕೆ ಅನ್ನೋ ಮನೆಗೆ, ಪುಷ್ಪಕ ಅನ್ನೋ ಗಾಡಿಗೆ. ಅಸುರ ಶಬ್ದದ ಹಣೆಬರಹವೂ ಹಂಗೇ, ಋಗ್ವೇದದಲ್ಲಿ ವರುಣನನ್ನೇ ಅಸುರ ಅಂತ ಹೊಗಳ್ತಾರೆ, ಪಾರ್ಸಿಗಳ ದೊಡ್ಡ ದೇವರು ಅಹುರ ಮಜ್ದಾ, ಅವರಲ್ಲಿ ‘ದಏವ’ ಅಂದ್ರೆ ದೆವ್ವ. ಮನೆ ಒಡೆದ ಮೇಲೆ ಆಚೆ ಮನೆಯ ದೇವರು ಈಚೆ ಮನೆಗೆ ಪೀಡೆ.

ನೀನು ಯಕ್ಷಗಾನ ನೋಡಿ ಬೆಳೆದವ ಆದ್ರೆ ಇದೆಲ್ಲ ನಾನು ಹೇಳೂದೇ ಬೇಡ. ನಮ್ಮ ಊರ ಗದ್ದೆ ಆಟದಲ್ಲಿ ರಾಕ್ಷಸ ವೇಷ ಬರೋದು ನಡುರಾತ್ರಿ ಕಳೆದ ಮೇಲೆ, ಮೊದಲು ಚೌಕಿ ಕಡೆಯಿಂದ ಅಬ್ಬರ ಕೇಳ್ತದೆ, ಚಂಡೆ ಏರ್ತದೆ, ದೊಂದಿಗೆ ರಾಳದ ಪುಡಿ ಎಸೆದಾಗ ಭಗ್ ಅಂತ ಬೆಂಕಿ ಎದ್ದು ಆ ಕೆಂಪು ಬೆಳಕಲ್ಲಿ ಮುಖ ಒಂದು ಕ್ಷಣ ಕಂಡು ಮತ್ತೆ ಪರದೆ ಮರೆಗೆ ಹೋಗ್ತದೆ, ಮಕ್ಕಳೆಲ್ಲ ಅಮ್ಮನ ಸೆರಗೊಳಗೆ. ಆದ್ರೆ ಹೆದರಿಸಿ ಮುಗಿದ ಮೇಲೆ ಅಂವ ಮಾಡೋದೇನು? ನಿಂತು ಅರ್ಥ ಹೇಳ್ತಾನೆ. ನಾನು ಯಾರು, ಅಪ್ಪ ಯಾರು, ಬ್ರಹ್ಮ ಕೊಟ್ಟ ವರ ಯಾವುದು, ದೇವತೆಗಳು ನಮಗೆ ಮಾಡಿದ ಅನ್ಯಾಯ ಏನು. ಒಳ್ಳೇ ಅರ್ಥಧಾರಿ ಆದ್ರೆ ಅರ್ಧ ಗಂಟೇಲಿ ಪ್ರೇಕ್ಷಕರು ರಾಕ್ಷಸನ ಪಾರ್ಟಿ. ಗೇಮಿನ ಹುಲಿ ಮುಖದವನಿಗೆ ಇಲ್ದೇ ಇರೋದು ಈ ಪೀಠಿಕೆ. ನಿನ್ನ ರಾಕ್ಷಸನಿಗೆ ಮುಖ ಏನಾದ್ರೂ ಇಡು, ದಾಳ ಉರುಳಿಸೋಕೆ ಮೊದಲು ಎರಡು ನಿಮಿಷ ಪೀಠಿಕೆ ಹೇಳಿಸು. ಗೋಕರ್ಣದಿಂದ ಶುರು ಮಾಡು ಬೇಕಾದ್ರೆ, ಆತ್ಮಲಿಂಗ ಕಳ್ಕೊಂಡು ಸಿಟ್ಟಲ್ಲಿ ರಾವಣ ಎಸೆದ ತುಂಡು ಮುರ್ಡೇಶ್ವರ, ಧಾರೇಶ್ವರ, ಗುಣವಂತೇಶ್ವರ, ಶೆಜ್ಜೇಶ್ವರದಲ್ಲಿ ಬಿದ್ದವು ಅಂತ ನಂಬಿಕೆ, ನಮ್ಮ ಕರಾವಳಿಯ ಮ್ಯಾಪು ಬರೆದದ್ದೇ ಒಬ್ಬ ರಾಕ್ಷಸನ ಸಿಟ್ಟು. ಇಷ್ಟೆಲ್ಲ ಇಟ್ಟುಕೊಂಡು ಅವನನ್ನ ಓರ್ಕ್‌ನ ಅನುವಾದ ಮಾಡಿದ್ರೆ ನಷ್ಟ ನಿಂದೇ. ಓರ್ಕ್ ಓರ್ಕಾಗಿಯೇ ಇರಲಿ, ಬಸ್ಸು ಕಾರು ಬಂದಂಗೆ ಅದೂ ಬರಲಿ.

ಎಲ್ಫ್ ಮತ್ತೆ ಮನುಷ್ಯನ ಮಗ ಹಾಫ್ ಎಲ್ಫ್ ಅಂತ ಇದೆಯಲ್ಲ, ಅದಕ್ಕೂ ನಮ್ಮಲ್ಲಿ ಜನ ಬೇಕಾದಷ್ಟು. ಭೀಮ ಹಿಡಿಂಬೆಯ ಮಗ ಘಟೋತ್ಕಚ, ಅರ್ಜುನ ಉಲೂಪಿಯ ಮಗ ಇರಾವಂತ. ಎಲ್ಲಕ್ಕಿಂತ ಆಸ್ತೀಕ, ತಾಯಿ ನಾಗಿಣಿ, ಅಪ್ಪ ಮನುಷ್ಯ ಋಷಿ, ಜನಮೇಜಯ ಹಾವುಗಳನ್ನೆಲ್ಲ ಹೋಮಕ್ಕೆ ಹಾಕ್ತಾ ಇದ್ದಾಗ ಹೋಗಿ ನಿಲ್ಲಿಸಿದವ. ಎರಡೂ ಮನೆಗೆ ಸೇರಿದವನೇ ಜಗಳ ಬಿಡಿಸಬೇಕಾಯ್ತು. ಕಿನ್ನರ ಅನ್ನೋ ಹೆಸರನ್ನೂ ಮರೀಬೇಡ, ‘ಕಿಂ ನರ’, ಇದು ಮನುಷ್ಯನಾ ಅಂತ ಅರ್ಥ ಬಿಡಿಸ್ತಾರೆ, ನಾನ್‌ಹ್ಯೂಮನ್ ಅನ್ನೋದಕ್ಕೆ ಇದಕ್ಕಿಂತ ಚೆಂದದ ಶಬ್ದ ನಂಗೆ ಸಿಕ್ಕಿಲ್ಲ.

ಒಂದು ಸಲ ನಮ್ಮ ಜಗಲಿಲಿ ಗುಹೆ ಬಾಗಿಲಿಗೆ ನಾಗನನ್ನ ಕಾವಲು ಇಟ್ಟಿದ್ದೆ, ಗೇಮಲ್ಲಿ ಗಾರ್ಡಿಯನ್ ನಾಗ ಅಂತ ಇದೆ, ಮನುಷ್ಯ ತಲೆ ಹಾವಿನ ಮೈ. ಕುಮಟೆ ಕಡೆಯ ಒಬ್ಬ ಹುಡುಗ ಆಡ್ತಾ ಇದ್ದ, ಅಲ್ಲಿವರೆಗೆ ಕಂಡಕಂಡದ್ದನ್ನೆಲ್ಲ ಕಡಿದು ಹಾಕಿದವ, ಈಗ ದಾಳ ಕೆಳಗಿಟ್ಟ. ‘ಅಕ್ಕೋರೇ, ಇದನ್ನ ಹೊಡೆಯೂದಿಲ್ಲ. ಬೇಕಾದ್ರೆ ಹಾಲೆರೀತೆ.’ ನಗ್ತಾನೇನೋ ಅಂತ ನೋಡಿದೆ, ಇಲ್ಲ. ಅವರ ಮನೆ ಹಿಂದೆ ನಾಗಬನ ಇದೆ, ಅಲ್ಲಿ ಒಣಗಿದ ಕಡ್ಡಿಯನ್ನೂ ಯಾರೂ ಎತ್ತೋದಿಲ್ಲ. ನಾನು ಪುಸ್ತಕ ಮುಚ್ಚಿ ನಾಗನಿಗೆ ಮಾತು ಕೊಟ್ಟೆ, ಅವತ್ತಿನ ಆಟ ಬೆಳಗಿನ ಜಾವದವರೆಗೆ ನಡೀತು.

ಚೌಡಿ ಜಟಗರ ಪ್ರಶ್ನೆಗೆ ನನ್ನ ಉತ್ತರ ಅವತ್ತೇ ಗಟ್ಟಿಯಾದದ್ದು. ಹಾಕಬೇಡ. ಸಿಟ್ಟು ಬರ್ತದೆ ಅಂತ ಅಲ್ಲ, ಅವರು ಇನ್ನೂ ಚಾಲ್ತಿಯಲ್ಲಿದ್ದಾರೆ. 11ನೇ ಶತಮಾನದಲ್ಲಿ ಸಿಗ್ವತ್ ಅನ್ನೋ ಐಸ್‌ಲ್ಯಾಂಡ್ ಕವಿ ಸ್ವೀಡನ್ ಕಡೆ ಹೋದಾಗ ಕತ್ತಲಾಗಿ ಒಂದು ಮನೆ ಬಾಗಿಲು ತಟ್ಟಿದ, ಮನೆಯಾಕೆ ಒಳಗೆ ಬಿಡಲಿಲ್ಲ, ಒಳಗೆ ಎಲ್ಫ್‌ಗಳಿಗೆ ಬಲಿ ಪೂಜೆ ನಡೀತಾ ಇದೆ, ಹೊರಗಿನವ್ರು ಬರೂ ಹಂಗಿಲ್ಲ ಅಂತ. ಅಂವ ಅದನ್ನ ಪದ್ಯದಲ್ಲಿ ಬರೆದು ಗೊಣಗಿದ್ದಾನೆ. ಆ ಹೆಂಗಸಿಗೆ ಎಲ್ಫ್ ಅಂದ್ರೆ ನಮ್ಮ ತೋಟದ ತಲೆಯ ಚೌಡಿಯೇ, ವರ್ಷಕ್ಕೊಂದು ಸಲ ಕೊಡಬೇಕಾದ್ದು ಕೊಟ್ರೆ ಆಯ್ತು, ಇಲ್ದಿದ್ರೆ ದನಕ್ಕೆ ಮಕ್ಕಳಿಗೆ ತೊಂದ್ರೆ. ಪೂಜೆ ನಿಂತು ನೂರಾರು ವರ್ಷ ಆದ ಮೇಲೆ ಎಲ್ಫ್ ಗೇಮಿಗೆ ಬಂತು. ಚೌಡಿಗೆ ಹೋದ ತಿಂಗಳೂ ಕಾಯಿ ಒಡೆದಿದ್ದಾರೆ. ಹಂಗಾಗಿ ಹೆಸರು ಬದಲಿಸಿ ನಿಂದೇ ಒಂದು ಕಾಡಿನ ಶಕ್ತಿ ಮಾಡು, ಹಿಟ್ ಪಾಯಿಂಟ್, ಅಂದ್ರೆ ಎಷ್ಟು ಏಟಿಗೆ ಸಾಯ್ತದೆ ಅನ್ನೋ ಲೆಕ್ಕ, ಬರೀಬೇಡ, ಗಡಿ ದಾಟೂಕೆ ಮುಂಚೆ ಏನು ಇಟ್ಟು ಹೋಗ್ಬೇಕು ಅನ್ನೋದನ್ನ ಪ್ಲೇಯರ್‌ಗಳು ಕೇಳಿ ತಿಳ್ಕೊಳ್ಳಲಿ. ಕೇಳದೆ ದಾಟಿದ್ರೆ ದಾರಿ ತಪ್ಪಿಸು, ಸುತ್ತಿ ಸುತ್ತಿ ಅದೇ ಮರದ ಬುಡಕ್ಕೆ ತಂದು ನಿಲ್ಲಿಸು.

ಡ್ರೌ, ಡ್ರೋ ಎರಡೂ ಹೇಳೋರಿದ್ದಾರೆ, ನಾನು ಡ್ರೌ ಅಂತೇನೆ. ಸ್ಕಾಟ್ಲೆಂಡಿನ ಆಚೆ ಓರ್ಕ್ನಿ, ಶೆಟ್ಲೆಂಡ್ ದ್ವೀಪಗಳಲ್ಲಿ ‘ಟ್ರೌ’ ಅಂತಾರೆ, ಡ್ರೌ ಅದರದ್ದೇ ಇನ್ನೊಂದು ರೂಪ, ನಾರ್ಸಿನ ಟ್ರೋಲ್ ಅಲ್ಲಿ ಹೋಗಿ ಹಂಗಾಯ್ತು. ಅಲ್ಲಿನ ಟ್ರೌಗೆ ಗೇಮಿನ ಡ್ರೌ ಥರ ಜೇಡದ ದೇವಿಯೂ ಇಲ್ಲ ಎರಡು ಕತ್ತಿಯೂ ಇಲ್ಲ, ಸಂಗೀತದ ಹುಚ್ಚು ಮಾತ್ರ. ರಾತ್ರಿ ಒಬ್ಬನೇ ನಡ್ಕೊಂಡು ಹೋಗೋ ಫಿಡಲ್‌ನವನನ್ನ ಗುಡ್ಡದೊಳಗೆ ಕರ್ಕೊಂಡು ಹೋಗಿ ಒಂದು ರಾತ್ರಿ ನುಡಿಸ್ತಾರೆ, ಅಂವ ಹೊರಗೆ ಬಂದು ನೋಡಿದ್ರೆ ವರ್ಷವೇ ಕಳೆದಿರ್ತದೆ. ಇದನ್ನ ಹಂಗೇ ಎತ್ತಿಕೋ. ಆಟ ಮುಗಿಸಿ ಮದ್ದಳೆ ಹೆಗಲಿಗೆ ಹಾಕ್ಕೊಂಡು ದೇವಿಮನೆ ಘಟ್ಟದಲ್ಲಿ ಬಸ್ಸು ಕಾಯ್ತಾ ನಿಂತ ಒಬ್ಬ ಮದ್ದಳೆಗಾರ, ಯಾರೋ ಬಂದು ‘ಇಲ್ಲೇ ಹತ್ರ, ಒಂದೇ ಪ್ರಸಂಗ’ ಅಂತ ಕರೀತಾರೆ, ಹೋಗ್ತಾನೆ, ಬಾರಿಸ್ತಾನೆ, ವೀಳ್ಯ ಕೊಟ್ಟು ಕಳಿಸ್ತಾರೆ. ಬೆಳಿಗ್ಗೆ ಮನೆಗೆ ಬಂದ್ರೆ ಬಾಗಿಲಲ್ಲಿ ಅವನ ವರ್ಷಾಂತಿಕದ ಊಟಕ್ಕೆ ಬಾಳೆ ಎಲೆ ಹಾಸ್ತಾ ಇದ್ದಾರೆ.